ಫೆರಿಕ್–ಥಯೋಸಯನೇಟ್ ಪ್ರಯೋಗ: ಒಂದೊಂದು ಟ್ಯೂಬಿಗೂ ಒಂದೊಂದು ಕೆ ಬರ್ತಿದೆ, ಯಾಕೆ?

ಕೆಂಪು_ದ್ರಾವಣ:
ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಪ್ರಾಕ್ಟಿಕಲ್ಸ್‌ನಲ್ಲಿ ಸಮತೋಲನ ಸ್ಥಿರಾಂಕ (ಕೆ) ಕಂಡುಹಿಡಿಯುವ ಪ್ರಯೋಗ; ಫೆರಿಕ್, ಥಯೋಸಯನೇಟ್ ಸೇರಿ ಕೆಂಪು ಸಂಕೀರ್ಣ ಆಗೋದು. ಫೆರಿಕ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಥಯೋಸಯನೇಟ್, ಎರಡೂ 0.0020 ಮೋಲಾರ್, ಎರಡನ್ನೂ 0.5 ಮೋಲಾರ್ ನೈಟ್ರಿಕ್ ಆಸಿಡ್‌ನಲ್ಲೇ ಮಾಡಿದ್ದು. ಮೂರು ಟ್ಯೂಬಿಗೂ ಫೆರಿಕ್ 5 ಎಂಎಲ್. ಥಯೋಸಯನೇಟ್ ಕ್ರಮವಾಗಿ 1, 3, 5 ಎಂಎಲ್. ಕಡಿಮೆ ಬಿದ್ದಷ್ಟು ಅದೇ ಆಸಿಡ್ ಹಾಕಿ 10 ಎಂಎಲ್‌ಗೆ ತಂದೆ. 447 ನ್ಯಾನೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಅಳತೆ) 0.113, 0.325, 0.520. ಕ್ಯುವೆಟ್ 1 ಸೆಂ.ಮೀ.

ಸ್ಟ್ಯಾಂಡರ್ಡ್‌ಗೆ (ಹೋಲಿಕೆಯ ಟ್ಯೂಬಿಗೆ) 0.200 ಮೋಲಾರ್ ಫೆರಿಕ್ 9 ಎಂಎಲ್, ಥಯೋಸಯನೇಟ್ 1 ಎಂಎಲ್, ರೀಡಿಂಗ್ 0.904.

ಲೆಕ್ಕ ಹಾಕಿದರೆ ಕೆ ಬರ್ತಿರೋದು 6.4, 19.3, 32.4. ಹೆಸರಿಗೆ ಸ್ಥಿರಾಂಕ! ಕ್ಯುವೆಟ್ ಒರೆಸಿ ಮತ್ತೆ ಓದಿದೆ, ಅದೇ ರೀಡಿಂಗ್. ನಮ್ಮ ಮಷಿನ್ ತುಂಬಾ ಹಳೇದು, ಅದೇ ಕೈ ಕೊಟ್ಟಿರಬಹುದಾ?

ಮಲ್ನಾಡ್_ಮೋಲ್:
ಟ್ಯೂಬುಗಳು ಬೇರೆ ಬೇರೆ ಉಷ್ಣತೆಯಲ್ಲಿ ಇದ್ವಾ? ಉಷ್ಣತೆ ಬದಲಾದರೆ ಮಾತ್ರ ಕೆ ಬದಲಾಗುತ್ತೆ ಅಂತ ಓದಿದ ನೆನಪು.

ಬ್ಯೂರೆಟ್_ಭಟ್ಟ:
ಮೋಲ್ ಅವರೇ, ಒಂದೇ ಮಾಧ್ಯಮದಲ್ಲಿ ಆ ಮಾತು ಸರಿ. ಈ ಕ್ರಿಯೆ ಶಾಖ ಬಿಡುವಂಥದ್ದು, ಬಿಸಿ ಮಾಡಿದರೆ ಕೆ ಇಳಿದು ಕೆಂಪು ತಿಳಿಯಾಗುತ್ತದೆ. ಆದರೆ ಒಂದೇ ಮೇಜಿನ ಮೇಲಿರುವ ಟ್ಯೂಬುಗಳ ನಡುವೆ ಐದು ಪಟ್ಟು ವ್ಯತ್ಯಾಸ ಅದರಿಂದ ಬರುವುದಿಲ್ಲ.

ದ್ರಾವಣದವರೇ, ಮಷಿನ್ ಬಯ್ಯುವ ಮೊದಲು ನಿಮ್ಮ ಮೂರು ಉತ್ತರಗಳನ್ನೇ ಸ್ವಲ್ಪ ಹೊತ್ತು ನೋಡಿ. 6.4, 19.3, 32.4 ಅಂದರೆ ಹೆಚ್ಚುಕಡಿಮೆ 1:3:5. ನೀವು ಹಾಕಿದ ಥಯೋಸಯನೇಟ್ ಕೂಡ 1, 3, 5 ಎಂಎಲ್! ರೀಡಿಂಗ್ ಕೆಟ್ಟಿದ್ದರೆ ಕೆ ಅಡ್ಡಾದಿಡ್ಡಿ ಬರುತ್ತಿತ್ತು, ಹೀಗೆ ಪಿಪೆಟ್ಟಿನ ಅಳತೆಯ ಬೆನ್ನು ಹಿಡಿದು ಏರುತ್ತಿರಲಿಲ್ಲ. ಟ್ಯೂಬಿಂದ ಟ್ಯೂಬಿಗೆ ಬದಲಾಗಬೇಕಾದ ಯಾವುದೋ ಸಂಖ್ಯೆ ಛೇದದಲ್ಲಿ ಬದಲಾಗದೆ ಕೂತಿದೆ. ಬಾಟಲಿ ಲೇಬಲ್ಲಿನ 0.0020 ಯನ್ನೇ ಎಲ್ಲ ಟ್ಯೂಬಿಗೂ ಆರಂಭದ ಸಾರತೆ ಅಂತ ಹಾಕಿದ್ದೀರಾ? ಹಾಗೆ ಹಾಕಿ ನೋಡಿದೆ, ನಡುವಿನ ಟ್ಯೂಬಿಗೆ ನಿಮ್ಮ 19.3 ಚಾಚೂ ತಪ್ಪದೆ ಬಂತು.

ಬೆರೆಸಿದ ಕ್ಷಣದಲ್ಲೇ ಎರಡೂ ತೆಳುವಾಗಿರುತ್ತವೆ. ಫೆರಿಕ್ 5 ಎಂಎಲ್ ಹೋಗಿ 10 ಆಯಿತು, ಹಾಗಾಗಿ 0.0010. ನಡುವಿನ ಟ್ಯೂಬಿನ ಥಯೋಸಯನೇಟ್ 3 ಹೋಗಿ 10, ಅಂದರೆ 0.0006. ಸ್ಟ್ಯಾಂಡರ್ಡ್‌ನಲ್ಲಿ ಥಯೋಸಯನೇಟ್ 0.0002, ಅಷ್ಟೂ ಬಣ್ಣವಾಗಿದೆ ಅಂತ ಹಿಡಿದರೆ ಎಪ್ಸಿಲಾನ್ (1 ಸೆಂ.ಮೀ. ಕ್ಯುವೆಟ್‌ನಲ್ಲಿ 1 ಮೋಲಾರ್‌ಗೆ ಎಷ್ಟು ಅಬ್ಸಾರ್ಬೆನ್ಸ್ ಎಂಬ ಲೆಕ್ಕ) 0.904 ÷ 0.0002 = 4520 (ಇಲ್ಲಿ ನೀವು ಸರಿಯಾಗಿಯೇ ಹೋಗಿದ್ದೀರಿ). ಆಗ ನಡುವಿನ ಟ್ಯೂಬಿನ ಕೆಂಪು ಸಂಕೀರ್ಣ 0.325 ÷ 4520 = 0.0000719. ಒಂದು ಸಂಕೀರ್ಣಕ್ಕೆ ಒಂದು ಫೆರಿಕ್, ಒಂದು ಥಯೋಸಯನೇಟ್ ಖರ್ಚು. ಉಳಿದ ಫೆರಿಕ್ 0.000928, ಉಳಿದ ಥಯೋಸಯನೇಟ್ 0.000528. ಸಂಕೀರ್ಣವನ್ನು ಉಳಿದ ಈ ಎರಡರ ಗುಣಲಬ್ಧದಿಂದ ಭಾಗಿಸಿ, ಅದೇ ಕೆ.

ಕೆಂಪು_ದ್ರಾವಣ:
ಸರ್, ಮೂರಕ್ಕೂ 147 ಆಸುಪಾಸು ಬಂತು!! ಲೇಬಲ್ಲಿನ ಸಂಖ್ಯೆಯನ್ನೇ ಹಾಕಿದ್ದೆ, ಹೌದು.

ಈಗ ಇನ್ನೊಂದು ತಲೆನೋವು. ಕೆ 1ಕ್ಕಿಂತ ಬಹಳ ಹೆಚ್ಚಿದ್ದರೆ ಉತ್ಪನ್ನವೇ ಹೆಚ್ಚು ಅಂತ ಗೈಡಿನಲ್ಲಿದೆ. ಆದರೆ ಥಯೋಸಯನೇಟ್ 5 ಎಂಎಲ್ ಹಾಕಿದ ಟ್ಯೂಬಿನಲ್ಲಿ ಸಂಕೀರ್ಣ 0.000115 ಮಾತ್ರ. 0.0010 ಥಯೋಸಯನೇಟ್‌ನಲ್ಲಿ ಶೇ. 11.5 ಅಷ್ಟೇ ಆಯಿತಲ್ಲ. 147 ತಪ್ಪಾ, ಗೈಡ್ ತಪ್ಪಾ?

ಬ್ಯೂರೆಟ್_ಭಟ್ಟ:
147 ಸರಿ. ಗೈಡಿನ ಸಾಲು ಅರ್ಧ. ಆ ಅರ್ಧವನ್ನೇ ಉರು ಹೊಡೆಸಿ ಪರೀಕ್ಷೆಗೆ ಕಳಿಸುತ್ತಾರೆ, ಅದು ನನ್ನ ಹಳೇ ಸಿಟ್ಟು.

ಕೆ ಸೂತ್ರವನ್ನು ಸ್ವಲ್ಪ ತಿರುಗಿಸಿ ಬರೆಯಿರಿ: ಬಣ್ಣವಾದ ಥಯೋಸಯನೇಟ್ ÷ ಹಾಗೇ ಉಳಿದ ಥಯೋಸಯನೇಟ್ = ಕೆ × ಉಳಿದ ಫೆರಿಕ್. ನಿಮ್ಮ ಟ್ಯೂಬಿನಲ್ಲಿ ಉಳಿದ ಫೆರಿಕ್ 0.000885. ಅದಕ್ಕೆ 147 ಗುಣಿಸಿದರೆ 0.13. ಅಂದರೆ 100 ಉಳಿದಿದ್ದರೆ ಬಣ್ಣವಾದದ್ದು 13. ಒಟ್ಟು 113ರಲ್ಲಿ 13, ಅದೇ ನಿಮ್ಮ ಶೇ. 11.5. ಈಗ ಸ್ಟ್ಯಾಂಡರ್ಡ್ ಟ್ಯೂಬ್ ನೋಡಿ. ಫೆರಿಕ್ 0.18 ಮೋಲಾರ್, 147 × 0.18 = 26.5. ಒಂದು ಉಳಿದರೆ ಇಪ್ಪತ್ತಾರೂವರೆ ಬಣ್ಣ! ಒಂದೇ ಕೆ, ಒಂದು ಕಡೆ ಶೇ. 11.5, ಇನ್ನೊಂದು ಕಡೆ ಶೇ. 96.

ಹೈಡ್ರೋಜನ್–ಅಯೋಡಿನ್ ಸೇರಿ ಹೈಡ್ರೋಜನ್ ಅಯೋಡೈಡ್ ಆಗುವಂಥ ಕಡೆ ಎರಡೂ ಬದಿಯ ಮೋಲ್‌ಗಳ ಸಂಖ್ಯೆ ಸಮ, ಅಲ್ಲಿ ಗೈಡಿನ ನಿಯಮ ಚೆನ್ನಾಗಿ ನಡೆಯುತ್ತದೆ. ಇಲ್ಲಿ ಎರಡು ಸೇರಿ ಒಂದಾಗುತ್ತಿವೆ. ತೆಳು ಮಾಡಿದಷ್ಟೂ ಬಿಟ್ಟುಹೋಗುವುದು ಜಾಸ್ತಿ. ಅದೇ ಟ್ಯೂಬಿನ 10 ಎಂಎಲ್‌ಗೆ ಇನ್ನೂ 10 ಎಂಎಲ್ ಆಸಿಡ್ ಸುರಿದು ಓದಿ, ಅಬ್ಸಾರ್ಬೆನ್ಸ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ.

ಇದರಲ್ಲೇ ನಿಮ್ಮ 147ರ ಸಣ್ಣ ಕೊರತೆಯೂ ಸಿಕ್ಕಿತು. ಸ್ಟ್ಯಾಂಡರ್ಡ್‌ನಲ್ಲಿ ಅಷ್ಟೂ ಬಣ್ಣವಾಗಿದೆ ಅಂತ ಹಿಡಿದಿದ್ದೆವು, ಆದದ್ದು ಶೇ. 96.4. ಎಪ್ಸಿಲಾನ್ 4520 ÷ 0.964 = 4690 ಆಗುತ್ತದೆ, ಮತ್ತೆ ಲೆಕ್ಕ ಹಾಕಿದರೆ ಕೆ 140. ರೆಕಾರ್ಡಿಗೆ 147 ಸಾಕು, ವೈವಾದಲ್ಲಿ ಕೇಳಿದರೆ ಇದನ್ನು ಹೇಳಿ.

ಮತ್ತೊಂದು: 0.18 ಮೋಲಾರ್ ಫೆರಿಕ್‌ಗೆ ತನ್ನದೇ ತಿಳಿ ಹಳದಿ ಇರುತ್ತದೆ. ಸ್ಟ್ಯಾಂಡರ್ಡ್‌ಗೆ ಬ್ಲ್ಯಾಂಕ್ (ಮಷಿನ್ ಸೊನ್ನೆಗೆ ಹೊಂದಿಸುವ ದ್ರಾವಣ) ಇಡುವಾಗ ಥಯೋಸಯನೇಟ್ ಹಾಕದ ಅದೇ ಫೆರಿಕ್ ದ್ರಾವಣ ಇಡಿ, ಬರೀ ನೀರು ಬೇಡ.

ಮಲ್ನಾಡ್_ಮೋಲ್:
ನಮ್ಮಲ್ಲಿ ಆಸಿಡ್ ಇಲ್ಲದೆ ಡಿಸ್ಟಿಲ್ಡ್ ವಾಟರ್‌ನಲ್ಲೇ ಫೆರಿಕ್ ನೈಟ್ರೇಟ್ ಕರಗಿಸಿದ್ವಿ, ಕಂದು ಹಳದಿ ಆಯ್ತು. ನಡೆಯುತ್ತಾ? ಇನ್ನೊಂದು ಪುಸ್ತಕದಲ್ಲಿ ಕೆ ಸಾವಿರದ ಹತ್ತಿರ ಕೊಟ್ಟಿದ್ದಾರೆ, ಅದೇನು?

ಬ್ಯೂರೆಟ್_ಭಟ್ಟ:
ನಡೆಯಲ್ಲ, ಚೆಲ್ಲಿ. ಆ ಕಂದು ಫೆರಿಕ್ ನೀರಿನ ಜೊತೆ ಹೈಡ್ರಾಕ್ಸೈಡ್ ಕಡೆಗೆ ಹೋಗಿದ್ದರ ಗುರುತು. ನೀವು ಲೆಕ್ಕದಲ್ಲಿ ಹಿಡಿದಷ್ಟು ಫೆರಿಕ್ ಥಯೋಸಯನೇಟ್‌ಗೆ ಸಿಗುವುದಿಲ್ಲ. ಬೆರೆಸಿದ ಮೇಲೆ ಟ್ಯೂಬನ್ನು ಕಿಟಕಿ ಬಿಸಿಲಲ್ಲಿ ಇಟ್ಟು ಊಟಕ್ಕೂ ಹೋಗಬೇಡಿ, ಬಣ್ಣ ನಿಧಾನಕ್ಕೆ ಮಾಸುತ್ತದೆ.

ಸಾವಿರವೂ ಸರಿಯೇ. ದ್ರಾವಣದಲ್ಲಿರುವ ಬೇರೆ ಅಯಾನುಗಳು ಈ ಕೆಯನ್ನು ಬಹಳ ಇಳಿಸುತ್ತವೆ. ಅಯಾನಿಕ ತೀವ್ರತೆ (ದ್ರಾವಣದಲ್ಲಿ ಅಯಾನುಗಳು ಎಷ್ಟಿವೆ ಎಂಬ ಅಳತೆ) ಸೊನ್ನೆಗೆ ಇಳಿಸಿ ನೋಡಿದರೆ ಸಾವಿರದ ಸುತ್ತ, 0.5ರಲ್ಲಿ 140ರ ಸುತ್ತ. ಯಾವ ಮಾಧ್ಯಮ ಅಂತ ಬರೆಯದ ಕೆಯನ್ನು ಹೋಲಿಕೆಗೆ ಇಟ್ಟುಕೊಳ್ಳಬೇಡಿ.

ಕೆಂಪು_ದ್ರಾವಣ:
ಕೊನೇದೊಂದು ಸರ್. ರೆಕಾರ್ಡಿನಲ್ಲಿ ಕೆಗೆ ಯೂನಿಟ್ ಬರೀಬೇಕಾ?

ಬ್ಯೂರೆಟ್_ಭಟ್ಟ:
ಪ್ರತಿ ಸಾರತೆಯನ್ನೂ 1 ಮೋಲಾರ್‌ನಿಂದ ಭಾಗಿಸಿ ಹಾಕುವ ಪದ್ಧತಿಯಲ್ಲಿ ಯೂನಿಟ್ ಇರುವುದಿಲ್ಲ. ನೇರವಾಗಿ ಸಾರತೆಗಳನ್ನೇ ಹಾಕಿದರೆ ಲೀಟರ್ ಪ್ರತಿ ಮೋಲ್. ನಿಮ್ಮ ಮೇಷ್ಟ್ರು ಯಾವುದನ್ನು ಕಲಿಸಿದ್ದಾರೋ ಅದನ್ನು ಬರೆಯಿರಿ, ಪಕ್ಕದಲ್ಲಿ ಉಷ್ಣತೆಯನ್ನೂ ನಮೂದಿಸಿ.