ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ, ಹೆಗಲು ನೋವು: ಫಿಸಿಯೋದಿಂದ ನಿಜವಾಗ್ಲೂ ವಾಸಿ ಆಗುತ್ತಾ?

ಶ್ರುತಿ_ಹಾಸನ:
ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೋತೀನಿ. ಬೆಳಗ್ಗೆಯಿಂದ ಸಂಜೆವರೆಗೂ ಟ್ಯಾಲಿ, ಎಕ್ಸೆಲ್ ಇಷ್ಟೇ, ತಿಂಗಳಲ್ಲಿ 11ನೇ ತಾರೀಖು 20ನೇ ತಾರೀಖು ಹತ್ರ ಬಂತಂದ್ರೆ ಜಿಎಸ್‌ಟಿ ರಿಟರ್ನ್ ಗಲಾಟೇಲಿ ನೀರು ಕುಡಿಯೋಕೂ ಎದ್ದಿರಲ್ಲ. ಕೆಲವು ತಿಂಗಳಿಂದ ಬಲಗಡೆ ಕುತ್ತಿಗೆಯಿಂದ ಹೆಗಲಿಗೆ ಇಳಿಯೋ ಜಾಗದಲ್ಲಿ ಗಂಟು ಕಟ್ಟಿದ ಹಾಗೆ ನೋವು, ಸಂಜೆ ಆಗ್ತಾ ಆಗ್ತಾ ತಲೆ ಹಿಂಭಾಗಕ್ಕೂ ಹತ್ತುತ್ತೆ. ರಾತ್ರಿ ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಎಚ್ಚರ ಆಗುತ್ತೆ.

ಮೂಳೆ ಡಾಕ್ಟರ್ ಹತ್ರ ಹೋದೆ, ಎಂಆರ್‌ಐ ಮಾಡ್ಸಿದ್ರು, ಸಿ5-ಸಿ6ರಲ್ಲಿ ಡಿಸ್ಕ್ ಬಲ್ಜ್ ಅಂತ ಬಂದಿದೆ, ಅಂದ್ರೆ ಕುತ್ತಿಗೆಯ ಐದನೇ, ಆರನೇ ಮೂಳೆ ಮಧ್ಯದ ಮೆತ್ತೆ ಉಬ್ಬಿದೆಯಂತೆ. ಮಾತ್ರೆ, ಕುತ್ತಿಗೆಗೆ ಕಾಲರ್, ಫಿಸಿಯೋಥೆರಪಿ ಬರೆದುಕೊಟ್ರು. ಈಗ ಹೋಗ್ತಿರೋ ಸೆಂಟರಲ್ಲಿ ಪ್ಯಾಡ್ ಅಂಟಿಸಿ ಕರೆಂಟ್ ಕೊಡ್ತಾರೆ, ಬಿಸಿ ಶಾಖ ಕೊಡ್ತಾರೆ, ಮುಗೀತು, ಮನೆಗೆ ಹೋಗಿ ಅಂತಾರೆ. ಅವತ್ತು ಸಂಜೆವರೆಗೂ ಹಾಯಾಗಿರುತ್ತೆ, ಮಾರನೇ ದಿನ ಮತ್ತೆ ಅದೇ ಕಥೆ. ಅಮ್ಮ ಎಣ್ಣೆ ಹಚ್ಚಿ ನೀವಿಸ್ಕೋ ಅಂತಾರೆ, ಆಫೀಸಲ್ಲಿ ಒಬ್ರು ಕುತ್ತಿಗೆ ಲಟಕ್ ಅನ್ಸೋ ಕಡೆ ಹೋಗು ಅಂತಾರೆ. ಬಲ್ಜ್ ಅಂದ್ರೆ ಆಪರೇಶನ್‌ವರೆಗೂ ಹೋಗುತ್ತಾ ಅಂತ ಭಯ ಆಗಿದೆ. ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ.

ಫಿಸಿಯೋ_ದಾವಣಗೆರೆ:
ಶ್ರುತಿ ಮೇಡಂ, ನಾನು ಎಂಪಿಟಿ (ಫಿಸಿಯೋಥೆರಪೀಲಿ ಮಾಸ್ಟರ್ಸ್) ಮಾಡಿ ದಾವಣಗೆರೇಲಿ ಪ್ರಾಕ್ಟೀಸ್ ಮಾಡ್ತಿದೀನಿ. ನಿಮ್ಮನ್ನ ಪರೀಕ್ಷೆ ಮಾಡ್ದೆ ಇದೇ ಅಂತ ಹೇಳೋಕಾಗಲ್ಲ, ಆದ್ರೆ ಮೊದಲು ಆ ಎಂಆರ್‌ಐ ಭಯ ಬಿಡಿ. ಜಪಾನಲ್ಲಿ ಯಾವ ತೊಂದರೇನೂ ಇಲ್ಲದ 1211 ಜನರ ಕುತ್ತಿಗೆ ಎಂಆರ್‌ಐ ಮಾಡಿ ನೋಡಿದಾರೆ, 2015ರಲ್ಲಿ ಬಂದ ಸ್ಟಡಿ, ಅದರಲ್ಲಿ ಶೇಕಡಾ 87.6 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು, ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನಕ್ಕೆ ಇತ್ತು. ಅಂದ್ರೆ ರಿಪೋರ್ಟಲ್ಲಿ ಬಲ್ಜ್ ಅಂತ ಬರೆದಿದ್ದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತಲ್ಲ, ಆಪರೇಶನ್ ಬೇಕು ಅಂತಂತೂ ಅಲ್ಲವೇ ಅಲ್ಲ.

ಇನ್ನು ಕರೆಂಟ್ ಕೊಡೋದು, ಶಾಖ ಕೊಡೋದು ತಪ್ಪೇನಲ್ಲ, ನೋವು ಸ್ವಲ್ಪ ಹೊತ್ತು ತಗ್ಗುತ್ತೆ. ಆ ತಗ್ಗಿದ ಹೊತ್ತಲ್ಲಿ ವ್ಯಾಯಾಮ ಮಾಡಿಸ್ಬೇಕು, ಅದೇ ಫಿಸಿಯೋದ ಮುಖ್ಯ ಭಾಗ. ಬರೀ ಮೆಷೀನ್ ಹಾಕಿ ಕಳ್ಸೋದನ್ನ ನಾನು ಪೂರ್ತಿ ಚಿಕಿತ್ಸೆ ಅಂತ ಒಪ್ಪಲ್ಲ. ನಿಮ್ಮ ಫಿಸಿಯೋನ ನೇರವಾಗೇ ಕೇಳಿ, ನಂಗೆ ಯಾವ ಎಕ್ಸರ್ಸೈಜ್, ಎಷ್ಟು ಸಲ, ಯಾವಾಗ ಜಾಸ್ತಿ ಮಾಡ್ಬೇಕು ಅಂತ. ಕಾಲರ್ ಕೂಡ ಪ್ರಯಾಣದಲ್ಲೋ ತೀರಾ ನೋವಿದ್ದಾಗಲೋ ಸ್ವಲ್ಪ ಹೊತ್ತು ಹಾಕಿ, ದಿನಾ ಹಾಕ್ಕೊಂಡೇ ಕೂತ್ರೆ ಕುತ್ತಿಗೆ ಸ್ನಾಯುಗಳು ಸೋಲ್ತವೆ. ಎಷ್ಟು ದಿನ ಹಾಕ್ಬೇಕು ಅಂತ ಬರೆದುಕೊಟ್ಟ ಡಾಕ್ಟರ್ನೇ ಕೇಳ್ಕೊಳ್ಳಿ.

ಜೋಮಿನ ವಿಷಯ ಮಾತ್ರ ಸರಿಯಾಗಿ ನೋಡ್ಬೇಕು. ಹೆಬ್ಬೆರಳು, ತೋರುಬೆರಳಿಗೆ ಜೋಮು ಎರಡು ಕಡೆಯಿಂದ ಬರ್ಬಹುದು. ಸಿ5-ಸಿ6 ಹತ್ರ ಹೊರಡೋ ಸಿ6 ನರ ಕುತ್ತಿಗೇಲಿ ಒತ್ತಿದ್ರೂ ಬರುತ್ತೆ, ಮಣಿಕಟ್ಟಲ್ಲಿ ಮೀಡಿಯನ್ ನರ ಒತ್ತಿದ್ರೂ ಬರುತ್ತೆ, ಅದನ್ನೇ ಕಾರ್ಪಲ್ ಟನಲ್ ಅನ್ನೋದು. ಕುತ್ತಿಗೆ ಹಿಂದಕ್ಕೆ ಬಗ್ಗಿಸಿ ಬಲಕ್ಕೆ ವಾಲಿಸಿದಾಗ ತೋಳಲ್ಲಿ ಜುಮ್ ಅಂತ ಇಳಿದ್ರೆ ಕುತ್ತಿಗೆ ಕಡೆ ಅನುಮಾನ. ರಾತ್ರಿ ಎಚ್ಚರ ಆಗಿ ಕೈ ಕೊಡವಿದ್ರೆ ಸರಿ ಹೋಗುತ್ತೆ, ಮಧ್ಯದ ಬೆರಳೂ ಸೇರಿದೆ ಅಂದ್ರೆ ಮಣಿಕಟ್ಟಿನ ಕಡೆ ಅನುಮಾನ. ನಿಮಗೆ ಹೇಗಾಗುತ್ತೆ?

ಮತ್ತೆ ಎಲ್ರೂ ಗಮನಿಸಿ, ಕೈಯಲ್ಲಿ ಶಕ್ತಿ ಕುಂದಿ ವಸ್ತು ಜಾರಿ ಬೀಳ್ತಿದ್ರೆ, ಗುಂಡಿ ಹಾಕೋಕೆ ಬರ್ತಿಲ್ಲ ಅಂದ್ರೆ, ನಡೆಯುವಾಗ ಕಾಲು ತಡವರಿಸ್ತಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ, ಜ್ವರದ ಜೊತೆ ನೋವು ಇದ್ರೆ, ಫಿಸಿಯೋ ಹತ್ರ ಅಲ್ಲ, ತಕ್ಷಣ ಡಾಕ್ಟರ್ ಹತ್ರ ಹೋಗಿ.

ಧಾರವಾಡ_ಬ್ಯಾಂಕ್:
ಅಕ್ಕಾರ, ನಾ ಬ್ಯಾಂಕಿನ್ಯಾಗ ಕ್ಯಾಶ್ ಕೌಂಟರ್ದಾಗ ಅದೀನಿ. ಕಸ್ಟಮರ್ ಮಾರಿ ಕಾಣ್ಲಿ ಅಂತ ನಮ್ಮಲ್ಲೆ ಮಾನಿಟರ್ ಎಡಗಡೆ ಮೂಲ್ಯಾಗ ಇಟ್ಟಿದ್ರು, ಹಂಗಾಗಿ ಇಡೀ ದಿನಾ ಕುತ್ತಿಗಿ ಎಡಕ್ಕ ತಿರುವಿಕೊಂಡ ಕುಂದ್ರೂದು. ನನಗ ಸಿಕ್ಕ ಫಿಸಿಯೋ ಮೇಡಂ ಭಾಳ ಶಾಣ್ಯಾರು, ಮೊದಲ ನೀವು ಕೆಲಸಾ ಮಾಡೂ ಜಾಗಾದ ಫೋಟೋ ತೊಗೊಂಡ ಬರ್ರಿ, ಬಗಲಾಗಿಂದ ಒಂದು ಹಿಂದಿಂದ ಒಂದು ಅಂದ್ರು. ಫೋಟೋ ನೋಡಿದ ಕೂಡ್ಲೆ ಹೇಳಿದ್ರು, ಈ ಮಾನಿಟರ್ ಮುಂದಕ್ಕ ತರೂ ತನಕ ನಾ ಏನ್ ಮಾಡಿದ್ರೂ ನೋವು ತಿರುಗಿ ಬರತೈತಿ ಅಂತ. ಮ್ಯಾನೇಜರಿಗೆ ಹೇಳಿ ನೆಟ್ಟಗ ಇಡಿಸ್ಕೊಂಡೆ. ಆಮ್ಯಾಲ ರಬ್ಬರ್ ಬ್ಯಾಂಡ್ ಕೊಟ್ಟು ಎಕ್ಸರ್ಸೈಜ್ ಕಲಿಸಿದ್ರು, ಮನ್ಯಾಗ ದಿನಾ ಮಾಡ್ತೀನಿ, ಈಗ ಆರಾಮ ಅದೀನಿ. ನೀವೂ ನಿಮ್ಮ ಟೇಬಲ್ ಮೊದಲ ನೋಡ್ರಿ.

ಫಿಸಿಯೋ_ದಾವಣಗೆರೆ:
ಧಾರವಾಡದ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಶ್ರುತಿ ಮೇಡಂ, ನೀವು ಅಕೌಂಟ್ಸ್‌ನವರು ಅಂದ್ಮೇಲೆ ಬಲಗಡೆ ನಂಬರ್ ಪ್ಯಾಡ್ ಇರೋ ದೊಡ್ಡ ಕೀಬೋರ್ಡೇ ಇರುತ್ತೆ. ಅದರ ಆಚೆ ಮೌಸು. ಮೌಸ್ ಹಿಡಿಯೋಕೆ ಬಲಗೈ ದಿನವಿಡೀ ಹೊರಗೆ ಚಾಚಿಕೊಂಡೇ ಇರುತ್ತೆ, ಆ ತೋಳಿನ ಭಾರ ಎಲ್ಲ ಹೊರೋದು ನೀವು ಗಂಟು ಕಟ್ಟಿದ ಹಾಗಿದೆ ಅಂತ ಹೇಳಿದ್ರಲ್ಲ ಅದೇ ಸ್ನಾಯು, ಟ್ರೆಪೀಜಿಯಸ್. ಅದಕ್ಕೆ ಸ್ವಲ್ಪ ಸ್ವಲ್ಪವೇ ಆದ್ರೂ ಬಿಡುವಿಲ್ಲದ ಕೆಲಸ. ಬೇರೆ ನಂಬರ್ ಪ್ಯಾಡ್ ಸಿಗುತ್ತೆ, ಅದನ್ನ ಎಡಗಡೆ ಇಟ್ಕೊಂಡು ಚಿಕ್ಕ ಕೀಬೋರ್ಡ್ ಹಾಕಿದ್ರೆ ಮೌಸ್ ಮೈ ಹತ್ರ ಬರುತ್ತೆ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರ. ಲ್ಯಾಪ್‌ಟಾಪ್ ಆದ್ರೆ ಕೆಳಗೆ ಏನಾದ್ರೂ ಎತ್ತರ ಇಟ್ಟು ಕೀಬೋರ್ಡ್, ಮೌಸ್ ಬೇರೆ ಹಾಕಿ. ನೆಟ್ಟಗೆ ಕೋಲಿನ ಹಾಗೆ ಕೂರಬೇಕು ಅಂತೇನಿಲ್ಲ, ಯಾವ ಭಂಗಿ ಆದ್ರೂ ಗಂಟೆಗಟ್ಟಲೆ ಅಲ್ಲಾಡದೆ ಕೂತ್ರೆ ನೋವೇ, ಅರ್ಧ ಗಂಟೆಗೊಂದ್ಸಲ ಒಂದು ನಿಮಿಷ ಎದ್ದು ನಿಲ್ಲಿ ಸಾಕು.

ಬ್ಯಾಂಡ್ ವ್ಯಾಯಾಮದ ಬಗ್ಗೆ ಡೆನ್ಮಾರ್ಕಲ್ಲಿ ಆಫೀಸಿನವರ ಮೇಲೇ ಒಂದು ಸ್ಟಡಿ ಆಗಿದೆ, 2011ರದ್ದು. ಕುತ್ತಿಗೆ, ಹೆಗಲು ನೋವಿದ್ದ 198 ಜನ, ಹತ್ತು ವಾರ, ವಾರಕ್ಕೆ ಐದು ದಿನ. ದಿನಕ್ಕೆ 12 ನಿಮಿಷ ಮಾಡಿದವರಿಗೂ ನೋವು ತಗ್ಗಿತು, ಬರೀ 2 ನಿಮಿಷ ಮಾಡಿದವರಿಗೂ ತಗ್ಗಿತು! ಬ್ಯಾಂಡಿನ ಎಳೆತ ನಿಧಾನಕ್ಕೆ ಜಾಸ್ತಿ ಮಾಡ್ತಾ ಹೋಗ್ಬೇಕು, ಅದು ಮುಖ್ಯ. ನನ್ನತ್ರ ಬರೋರು ಟೈಮಿಲ್ಲ ಸರ್ ಅಂದಾಗೆಲ್ಲ ಇದನ್ನೇ ಹೇಳೋದು, ಎರಡು ನಿಮಿಷ ಯಾರಿಗಿಲ್ಲ ಹೇಳಿ. ಮಾಡುವಾಗ ಸ್ವಲ್ಪ ಸೆಳೆತ ಇದ್ದು ಮಾರನೇ ದಿನಕ್ಕೆ ಇಳಿದ್ರೆ ಪರವಾಗಿಲ್ಲ, ಜೋಮು ಕೈಗೆ ಇಳಿಯೋದು ಜಾಸ್ತಿ ಆದ್ರೆ ನಿಲ್ಸಿ ನಿಮ್ಮ ಫಿಸಿಯೋಗೆ ಹೇಳಿ.

ರಘು_ಮಂಡ್ಯ:
ಒಂದೆರಡು ಮಾತು ನಂದೂ ಇರ್ಲಿ. ಆ ಲಟಕ್ ಅನ್ಸೋ ಕಡೆಗೆ ಹೋಗ್ಬೇಡಿ ಸಿಸ್ಟರ್, ದಮ್ಮಯ್ಯ ಅಂತೀನಿ. ಕುತ್ತಿಗೇಲಿ ಮೆದುಳಿಗೆ ರಕ್ತ ಹೋಗೋ ನಾಳ ಇದೆ, ಜೋರಾಗಿ ತಿರುಚಿದಾಗ ಅದಕ್ಕೆ ಪೆಟ್ಟು ಬಿದ್ದು ಸ್ಟ್ರೋಕ್ ಆಗಿರೋದೂ ಇದೆ, ಅಪರೂಪವೇ ಇರ್ಬಹುದು, ಆದ್ರೆ ಜೋಮು ಇರೋರು ಯಾಕೆ ಆ ರಿಸ್ಕ್ ತಗೋಬೇಕು. ಅಮ್ಮ ಎಣ್ಣೆ ಹಚ್ಚಿ ಮೆತ್ತಗೆ ನೀವಿದ್ರೆ ಏನೂ ತೊಂದ್ರೆ ಇಲ್ಲ.

ಸೆಂಟರ್ ಬದಲಾಯ್ಸೋದಾದ್ರೆ ನೋಡೋರು ಬಿಪಿಟಿ ಓದಿದಾರಾ ಕೇಳಿ, ಅದು ಫಿಸಿಯೋಥೆರಪಿ ಡಿಗ್ರಿ, ನಾಕು ವರ್ಷ ಓದು, ಮೇಲೆ ಇಂಟರ್ನ್‌ಶಿಪ್. ಕೆಲವು ಕಡೆ ಹೆಲ್ಪರ್‌ಗಳೇ ಪ್ಯಾಡ್ ಅಂಟಿಸಿ ಕಳಿಸ್ತಾರೆ. ಇನ್ನೊಂದು, ಆಫೀಸ್ ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿರ್ಬೇಡಿ, ಅಡ್ಮಿಟ್ ಆಗ್ದೆ ಮಾಡ್ಸೋ ಫಿಸಿಯೋಗೆ ಸುಮಾರು ಪಾಲಿಸೀಲಿ ದುಡ್ಡು ಬರಲ್ಲ, ಒಪಿಡಿ ಕವರ್ ಇದೆಯಾ ಅಂತ ಎಚ್‌ಆರ್ ಹತ್ರ ಕೇಳ್ಕೊಳ್ಳಿ. ಖರ್ಚು ಕಷ್ಟ ಅಂದ್ರೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ವಿಷಯಕ್ಕೇ ಇರೋ ಸರ್ಕಾರಿ ಸಂಸ್ಥೆ, ಅಲ್ಲಿ ವಿಚಾರಿಸಿ.

ಶ್ರುತಿ_ಹಾಸನ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಮನಸ್ಸು ಎಷ್ಟೋ ಹಗುರ ಆಯ್ತು. ದಾವಣಗೆರೆ ಸರ್, ಈಗ ಗಮನಿಸಿದ್ರೆ ಮಧ್ಯದ ಬೆರಳೂ ಜೋಮು ಹಿಡಿಯುತ್ತೆ, ಕೈ ಕೊಡವಿದ್ರೆ ಬಿಡುತ್ತೆ. ಕುತ್ತಿಗೆ ತಿರುಗಿಸಿದ್ರೆ ಕೈಗೇನೂ ಆಗಲ್ಲ. ನಂಬರ್ ಪ್ಯಾಡ್ ಆರ್ಡರ್ ಮಾಡ್ದೆ.

ಫಿಸಿಯೋ_ದಾವಣಗೆರೆ:
ಹಾಗಾದ್ರೆ ಮಣಿಕಟ್ಟನ್ನೂ ಪರೀಕ್ಷೆ ಮಾಡಿಸ್ಲೇಬೇಕು ಮೇಡಂ, ಕುತ್ತಿಗೆ ನೋವು ಬೇರೆ, ಕೈ ಜೋಮು ಬೇರೆ ಇರೋ ಸಾಧ್ಯತೆ ಇದೆ. ಡಾಕ್ಟರ್ ಬೇಕು ಅಂದ್ರೆ ನರದ ಟೆಸ್ಟ್ ಬರೆದುಕೊಡ್ತಾರೆ, ಎನ್‌ಸಿಎಸ್ ಅಂತಾರೆ. ಥೈರಾಯ್ಡ್, ಶುಗರ್ ಕೂಡ ನೋಡ್ಸಿ, ಇವೆರಡರಿಂದಲೂ ಕಾರ್ಪಲ್ ಟನಲ್ ಬರುತ್ತೆ. ಅಲ್ಲೀವರೆಗೆ ರಾತ್ರಿ ಮಲಗುವಾಗ ಮಣಿಕಟ್ಟು ಬಗ್ಗದ ಹಾಗೆ ನೆಟ್ಟಗೆ ಹಿಡಿಯೋ ಸ್ಪ್ಲಿಂಟ್ ಹಾಕ್ಕೊಳ್ಳಿ, ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಬಿಗಿ ಮಾಡ್ಬೇಡಿ. ಟೆಸ್ಟ್ ರಿಪೋರ್ಟ್ ಬಂದ್ಮೇಲೆ ಇಲ್ಲೇ ತಿಳ್ಸಿ.