‘ಸರ್ಕಾರದ ಮೂರೂ ಅಂಗಗಳಲ್ಲಿ ಸೇವೆ ಸಲ್ಲಿಸಿದ ಅಧಿಕಾರಿ’: ಈ ಪ್ರಯೋಗ ಸರಿಯೇ?

ಅಮೆರಿಕದ ಜಾನ್ ಮಾರ್ಷಲ್ ಅವರ ಬಗ್ಗೆ ಕಿರುಲೇಖನವೊಂದನ್ನು ಬರೆಯುತ್ತಿದ್ದೇನೆ. ಅವರು 1799ರಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯ ಸದಸ್ಯರಾದರು, 1800ರಲ್ಲಿ ವಿದೇಶಾಂಗ ಸಚಿವರಾದರು, 1801ರಿಂದ 1835ರಲ್ಲಿ ತೀರಿಕೊಳ್ಳುವವರೆಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಇಂಥವರನ್ನು ಒಂದೇ ಮಾತಿನಲ್ಲಿ ಹೇಳಹೊರಟಾಗ ಮೇಲಿನ ಶೀರ್ಷಿಕೆಯ ವಾಕ್ಯ ಹೊಳೆಯಿತು. ಆದರೆ ಅದರ ಒಂದೊಂದು ಪದವೂ ನನಗೆ ತೊಡಕಾಗಿದೆ.

ಮೊದಲನೆಯದು ‘ಸರ್ಕಾರ’. ‘ಸರ್ಕಾರ ಬಿದ್ದಿತು’, ‘ಸರ್ಕಾರಕ್ಕೆ ನ್ಯಾಯಾಲಯದ ನೋಟಿಸ್’ ಎನ್ನುವಾಗ ನಾವು ಈ ಪದದಿಂದ ಕಾರ್ಯಾಂಗವನ್ನಷ್ಟೇ ಸೂಚಿಸುತ್ತೇವೆ. ಹಾಗಿರುವಾಗ ನ್ಯಾಯಮೂರ್ತಿಯೊಬ್ಬರು ‘ಸರ್ಕಾರದಲ್ಲಿದ್ದರು’ ಎಂದರೆ ಓದುಗರಿಗೆ ಅವರು ಮಂತ್ರಿಯಾಗಿದ್ದರೆಂದೇ ತೋರುತ್ತದೆ. ‘ಪ್ರಭುತ್ವದ ಮೂರೂ ಅಂಗಗಳು’ ಎಂದರೆ ಈ ಗೊಂದಲ ತಪ್ಪುತ್ತದೆ ಎಂಬುದು ನನ್ನ ಎಣಿಕೆ. ‘ಅಧಿಕಾರಿ’ಯ ಪಾಡೂ ಇದೇ: ಆ ಪದ ನೇಮಕಗೊಂಡ ನೌಕರರಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಜನರು ಆರಿಸಿದ ಸಂಸದರನ್ನು ಯಾರೂ ಹಾಗೆ ಕರೆಯುವುದಿಲ್ಲ. ‘ಪದಾಧಿಕಾರಿ’ ಎಂದರೆ ಸಂಘಸಂಸ್ಥೆಗಳ ನೆನಪಾಗುತ್ತದೆ.

‘ಅಂಗ’ದ ಬಗ್ಗೆ ಮಾತ್ರ ನನಗೆ ಅಕ್ಕರೆಯಿದೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ರಾಜ್ಯದ ಸಪ್ತಾಂಗಗಳನ್ನು ಎಣಿಸಿದ ಕೌಟಿಲ್ಯನ ಕಾಲದಿಂದಲೂ ಆಡಳಿತಕ್ಕೆ ಸಂದ ಪದವಿದು. ‘ಶಾಖೆ’ ಎಂಬುದನ್ನು ಬ್ಯಾಂಕುಗಳಿಗೇ ಬಿಟ್ಟುಕೊಡಬಹುದು. ಆದರೆ ಬರಿಯ ಇಲಾಖೆಯೊಂದು ‘ವಿದೇಶಾಂಗ’ವಾಗಿರುವುದರಿಂದ, ‘ವಿದೇಶಾಂಗ ಸಚಿವ’, ‘ಕಾರ್ಯಾಂಗ’, ‘ನ್ಯಾಯಾಂಗ’ ಒಂದೇ ವಾಕ್ಯದಲ್ಲಿ ಬಂದರೆ ಅಂಗಗಳ ಲೆಕ್ಕ ತಪ್ಪುತ್ತದೆ. ‘ಸರ್ವಾಂಗ’ ಎನ್ನೋಣವೆಂದರೆ ಅದು ಇಡೀ ದೇಹವೆಂಬ ಅರ್ಥದಲ್ಲಿ ನೆಲೆಗೊಂಡಿದೆ.

ಕಾಲದ ಪ್ರಶ್ನೆಯೂ ಇದೆ. ಅಮೆರಿಕದ ಸಂವಿಧಾನದಂತೆ ಕಾಂಗ್ರೆಸ್ಸಿನ ಸದಸ್ಯರು ಅದೇ ವೇಳೆಗೆ ಕಾರ್ಯಾಂಗದ ಹುದ್ದೆ ಹೊಂದುವಂತಿಲ್ಲವಾದ್ದರಿಂದ, ಅಲ್ಲಿ ಒಂದನ್ನು ಬಿಟ್ಟೇ ಇನ್ನೊಂದಕ್ಕೆ ಹೋಗಬೇಕು. ಆದರೂ ಮಾರ್ಷಲ್ ಅವರು 1801ರ ಫೆಬ್ರವರಿ 4ರಿಂದ ಮಾರ್ಚ್ 4ರವರೆಗೆ ಮುಖ್ಯ ನ್ಯಾಯಮೂರ್ತಿಯೂ ವಿದೇಶಾಂಗ ಸಚಿವರೂ ಆಗಿದ್ದರು. ‘ಮೂರೂ ಅಂಗಗಳಲ್ಲಿದ್ದರು’ ಎಂದರೆ ಒಟ್ಟಿಗೇ ಇದ್ದರೋ ಒಂದಾದ ಮೇಲೊಂದರಂತೆಯೋ ತಿಳಿಯುವುದಿಲ್ಲ. ‘ಬೇರೆ ಬೇರೆ ಕಾಲಗಳಲ್ಲಿ’ ಎಂದು ಸೇರಿಸಿದರೆ ಈ ಒಂದು ತಿಂಗಳ ಸಂಗತಿ ಸುಳ್ಳಾಗುತ್ತದೆ.

ಸದ್ಯಕ್ಕೆ ‘ಪ್ರಭುತ್ವದ ಮೂರೂ ಅಂಗಗಳಲ್ಲಿ ಪದವಿ ವಹಿಸಿದವರು’ ಎಂದು ಬರೆದಿಟ್ಟಿದ್ದೇನೆ. ಮೊಹಮ್ಮದ್ ಹಿದಾಯತುಲ್ಲಾ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗಲೇ 1969ರಲ್ಲಿ ಹಂಗಾಮಿ ರಾಷ್ಟ್ರಪತಿಯಾದರು. 1979ರಿಂದ 1984ರವರೆಗೆ ಉಪರಾಷ್ಟ್ರಪತಿಯಾಗಿದ್ದುದರಿಂದ ರಾಜ್ಯಸಭೆಯ ಸಭಾಪತಿಯೂ ಆಗಿದ್ದರು, ಆದರೆ ಆ ಸಭೆಯ ಸದಸ್ಯರಾಗಿರಲಿಲ್ಲ. ‘ಪದವಿ ವಹಿಸಿದವರು’ ಎಂಬುದು ಅವರನ್ನೂ ಒಳಗೊಳ್ಳುತ್ತದೆಯೇ, ಇಲ್ಲವೇ ‘ಶಾಸಕಾಂಗದಲ್ಲಿ’ ಎಂಬ ಸಪ್ತಮಿ ವಿಭಕ್ತಿಯೇ ಸದಸ್ಯತ್ವವನ್ನು ಬೇಡುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.