ಅಜ್ಜಿಗೆ ಪೋರ್ಚುಗೀಸ್ ಬರುತ್ತೆ!

ಪೋರ್ಚುಗಲ್ಲಿನ ಪೋರ್ಟೊಗೆ ಬರುವ ತಯಾರಿಯಲ್ಲಿರುವವರು ನಿನ್ನೆ ಈ ಗುಂಪಿನಲ್ಲಿ ಕೇಳಿದ್ದಿರಿ: ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಪೋರ್ಚುಗೀಸ್ ತಾನಾಗಿ ಬಂದುಬಿಡುತ್ತೆ ಅಲ್ವಾ? ನಾವು ಲಿಸ್ಬನ್ನಿಗೆ ಬಂದು ಐದು ವರ್ಷವಾಯಿತು. ನಾನೂ ಹಾಗೇ ಅಂದುಕೊಂಡು ಬಂದವಳು. ಮಕ್ಕಳಿಗೆ ಬಂತು, ಸುಳ್ಳಲ್ಲ. ನನಗೆ ಮಾತ್ರ ಇಂಗ್ಲಿಷ್ ಕೊಟ್ಟ ಕಾಟವೇ ಜಾಸ್ತಿ.

ಮೊದಲ ವಾರದ ಕಥೆ. ಅಂಗಡಿಯ ಬಾಗಿಲ ಮೇಲೆ ಒಂದು ಪದ ಬರೆದಿತ್ತು, ಓದಿದರೆ ‘ಪುಶ್’. ಸರಿ ಅಂತ ತಳ್ಳಿದೆ. ಭುಜ ಕೊಟ್ಟು ತಳ್ಳಿದೆ. ಹಿಂದೆ ನಿಂತಿದ್ದ ಅಜ್ಜ ಸುಮ್ನೆ ಕೈ ಚಾಚಿ ಬಾಗಿಲನ್ನು ಎಳೆದು ತೆಗೆದರು. ಇಲ್ಲಿ ‘ಪುಶ್’ ಅಂದರೆ ಎಳೆಯಿರಿ. ತಳ್ಳಬೇಕಾದರೆ ‘ಎಂಪುರ್’ ಅಂತ ಇರುತ್ತದೆ. ಐದು ವರ್ಷವಾದರೂ ನನ್ನ ಕೈ ಇವತ್ತಿಗೂ ಒಂದು ಕ್ಷಣ ತಡೆಯುತ್ತದೆ.

ಆಮೇಲೆ ಔಷಧಿ ಅಂಗಡಿ. ಮಗನಿಗೆ ನೆಗಡಿ, ಮೂಗು ಸೋರುತ್ತಿತ್ತು. ಕೌಂಟರಿನಲ್ಲಿದ್ದ ಹುಡುಗಿ ಅವನನ್ನು ನೋಡಿ ‘ಕೊನ್‌ಶ್ತಿಪಾದು?’ ಅಂದಳು. ನಾನು ಅದನ್ನು ಇಂಗ್ಲಿಷಿನ ‘ಕಾನ್ಸ್ಟಿಪೇಟೆಡ್’ ಅಂದುಕೊಂಡು ಗಾಬರಿಯಾಗಿ, ಇಲ್ಲ ಇಲ್ಲ, ದಿನಾ ಬೆಳಿಗ್ಗೆ ಸರಿಯಾಗಿ ಹೋಗ್ತಾನೆ ಅಂತ ಕೈಸನ್ನೆ ಮಾಡಿ ತೋರಿಸಿದೆ. ಆಕೆ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಮಗನ ಮೂಗು ನೋಡಿದಳು. ಪೋರ್ಚುಗಲ್ಲಿನಲ್ಲಿ ಆ ಪದಕ್ಕೆ ನೆಗಡಿ ಹಿಡಿದಿದೆ ಅಂತ ಅರ್ಥ. ಮಲಬದ್ಧತೆಗೆ ಬೇರೆ ಪದ ಇದೆ.

ಶಾಲೆಯ ಫಾರಂನಲ್ಲಿ ‘ಪೈಶ್’ ಅಂತಿದ್ದ ಕಡೆ ನಾನು ‘ಇಂಡಿಯಾ’ ಅಂತ ಬರೆದು ಕೊಟ್ಟೆ. ‘ಪೈಶ್’ ಅಂದರೆ ತಂದೆ ತಾಯಿ. ಅದೇ ಪದದ ಇಕಾರದ ಮೇಲೊಂದು ಗೆರೆ ಬಿದ್ದು ‘ಪಯೀಶ್’ ಆದರೆ ದೇಶ. ಇಂಗ್ಲಿಷಿನ ‘ಪೇರೆಂಟ್ಸ್’ ತರಹ ಕಾಣುವ ‘ಪರೆಂತ್‌ಶ್’ ಇದೆಯಲ್ಲ, ಅದು ನೆಂಟರು!

ದೊಡ್ಡ ದೊಡ್ಡ ಪದಗಳಲ್ಲಿ ಇಂಗ್ಲಿಷ್ ಕೈ ಹಿಡಿಯುತ್ತದೆ, ಇಲ್ಲ ಅನ್ನುವುದಿಲ್ಲ. ‘ಶನ್’ ಅಂತ ಮುಗಿಯುವುದನ್ನು ‘ಸಾಂವ್’ ಮಾಡಿ, ‘ಟಿ’ ಅಂತ ಮುಗಿಯುವುದನ್ನು ‘ದಾದ್’ ಮಾಡಿ, ಬಹಳ ಕಡೆ ಕೆಲಸ ನಡೆಯುತ್ತದೆ. ಇನ್‌ಫರ್ಮೇಶನ್ ‘ಇನ್‌ಫುರ್ಮಸಾಂವ್’ ಆಗುತ್ತದೆ, ಯೂನಿವರ್ಸಿಟಿ ‘ಉನಿವೆರ್ಸಿದಾದ್’. ಇಂಥ ಪದಗಳಿಗೆ ಎರಡೂ ಭಾಷೆಯಲ್ಲಿ ತವರು ಲ್ಯಾಟಿನ್. ಆದರೆ ಒಂದನೇ ಕ್ಲಾಸಿನ ಮಗುವಿಗೆ ಯೂನಿವರ್ಸಿಟಿ ಯಾಕೆ ಬೇಕು? ಅದಕ್ಕೆ ಬೇಕಾದದ್ದು ಬಕೆಟ್ಟು, ಕಿಟಕಿ, ಕೀ.

ಅಲ್ಲಿ ಉಪಕಾರಕ್ಕೆ ಬಂದದ್ದು ನಮ್ಮ ಅತ್ತೆ. ಕುಮಟಾದವರು, ಮೂರು ತಿಂಗಳು ಇರೋಕೆ ಬಂದಿದ್ದರು. ಮಗಳು ಅವರ ಪಕ್ಕ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಚಿತ್ರ ನೋಡಿ ಹೆಸರು ಬರೆಯುವುದು. ‘ಮೇಜ’ ಅಂದಳು. ಅತ್ತೆ ಅಕ್ಕಿ ಆರಿಸುತ್ತಲೇ ‘ಹೌದು, ಮೇಜು’ ಅಂದರು. ‘ಬಾಲ್ದ್’. ‘ಬಾಲ್ದಿ.’ ‘ಬತಾತ’. ‘ಬಟಾಟೆ ಅನ್ನು ಪುಟ್ಟಿ.’ ‘ಜನೆಲ’. ‘ಜನೇಲು, ಕೊಂಕಣಿಯವರು ಹಾಗೇ ಹೇಳ್ತಾರೆ.’ ಮಗಳು ಪೆನ್ಸಿಲ್ ಬಿಸಾಕಿ ಅಡುಗೆಮನೆಗೆ ಓಡಿ ಬಂದಳು: ‘ಅಮ್ಮಾ, ಅಜ್ಜಿಗೆ ಪೋರ್ಚುಗೀಸ್ ಬರುತ್ತೆ!’

ನಾನು ಮೈಸೂರಿನವಳು. ನಮ್ಮ ಮನೆಯಲ್ಲಿ ಆಲೂಗಡ್ಡೆ, ಬೀಗದ ಕೈ. ಅದಕ್ಕೇ ನನಗೆ ಇದು ಹೊಳೆದಿರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು 1961ರವರೆಗೂ ಅಲ್ಲೇ ಕೂತಿದ್ದವರು. ಅವರ ಮಾತು ಪಕ್ಕದ ಕರಾವಳಿಗೆ, ಹುಬ್ಬಳ್ಳಿ ಕಡೆಗೆ ದಾಟದೆ ಇರುತ್ತದೆಯೇ? ಹುಬ್ಬಳ್ಳಿಯವರ ‘ಪಗಾರ’ ಇಲ್ಲಿ ‘ಪಗಾರ್’, ಅಂದರೆ ಹಣ ಕೊಡುವುದು. ಅಂಗಡಿಯಲ್ಲಿ ದಿನಾ ಬೇಕಾಗುವ ಪದ. ಅನಾನಸ್ ಅಂತೂ ಇಲ್ಲೂ ‘ಅನನಾಶ್’. ಇಂಗ್ಲಿಷಿನವರು ಪೈನಾಪಲ್ ಅಂತ ಬೇರೆ ದಾರಿ ಹಿಡಿದರು. ಮ್ಯಾಂಗೋ ಮಾತ್ರ ತಿರುಗಿ ಹೋದ ಸರಕು. ಮಲಯಾಳದ ‘ಮಾಂಗ’ ಪೋರ್ಚುಗೀಸಿಗೆ ‘ಮಂಗ’ ಆಗಿ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ಅಂಗಿಯ ತೋಳಿಗೂ ಇಲ್ಲಿ ‘ಮಂಗ’ ಅಂತಲೇ ಹೇಳುತ್ತಾರೆ. ನನ್ನ ಮಕ್ಕಳಿಗೆ ಇದು ಮುಗಿಯದ ನಗು, ಯಾಕೆ ಅಂತ ಹೇಳಬೇಕಾಗಿಲ್ಲ.

ಹಾಗಂತ ಕನ್ನಡವೂ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. ವಾರದ ಹೆಸರು ನೋಡಿ. ಸೋಮವಾರ ಇಲ್ಲಿ ‘ಸೆಗುಂದ’, ಅಂದರೆ ಎರಡನೆಯದು. ಎಣಿಕೆ ಭಾನುವಾರದಿಂದ. ‘ಕ್ವಾರ್ತ’, ನಾಲ್ಕನೆಯದು ಅಂದಾಗ ನಾನು ಸೋಮವಾರದಿಂದ ಬೆರಳು ಮಡಚಿ ಗುರುವಾರ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅಪಾಯಿಂಟ್‌ಮೆಂಟ್ ಬುಧವಾರ ಮುಗಿದೇ ಹೋಗಿತ್ತು.

ಇನ್ನು ಶಾಲೆಯ ಪಾಠ, ಮನೆಯ ಮಾತಿನ ವಿಷಯ. ಸರ್ಕಾರಿ ಶಾಲೆಗಳಲ್ಲಿ ಹೊರಗಿನ ಮಕ್ಕಳಿಗೆ ‘ಮಾತೃಭಾಷೆಯಲ್ಲದ ಪೋರ್ಚುಗೀಸ್’ ಅಂತ ಬೇರೆ ಪಾಠ ಇದೆ, ಪಿಎಲ್‌ಎನ್‌ಎಂ ಅನ್ನುತ್ತಾರೆ. ಸೇರಿಸುವಾಗಲೇ ಕೇಳಿ. ಫೋನಿನ ಆ್ಯಪಿನಲ್ಲಿ ಕಲಿತು ಬರುವುದಾದರೆ ಅದು ಬ್ರೆಜಿಲ್ ಪೋರ್ಚುಗೀಸೋ ಇಲ್ಲಿಯದೋ ಮೊದಲು ನೋಡಿಕೊಳ್ಳಿ. ರೈಲಿಗೆ ಅಲ್ಲಿ ‘ತ್ರೆಂ’, ಇಲ್ಲಿ ‘ಕೊಂಬೊಯು’. ಕಾಲೇಜು ಫೀಸಿಗೆ ಇಲ್ಲಿ ‘ಪ್ರೊಪೀನ’ ಅನ್ನುತ್ತಾರೆ, ಬ್ರೆಜಿಲಿನಲ್ಲಿ ಅದೇ ಪದ ಲಂಚ. (ಕೆಲವು ಕಾಲೇಜುಗಳ ಮಟ್ಟಿಗೆ ಎರಡೂ ಸರಿ ಅಂತ ನನ್ನ ಗಂಡನ ಅಭಿಪ್ರಾಯ.)

ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕನ್ನಡವನ್ನೇ ಆಡಿ. ಊರಿನಿಂದ ಅಜ್ಜಿ ಬರುವಂತಿದ್ದರೆ ಮೊದಲ ವರ್ಷವೇ ಕರೆಸಿಕೊಳ್ಳಿ.

ಒಂದು ಪ್ರಶ್ನೆ ನನ್ನದೂ ಇದೆ. ನಮ್ಮ ‘ಚಾವಿ’ಯನ್ನು ಲಿಸ್ಬನ್ನಿನವರು ‘ಶಾವ್’ ಅನ್ನುತ್ತಾರೆ. ಹಿಂದೆ ಇವರೂ ‘ಚ’ ಅಂತಲೇ ಹೇಳುತ್ತಿದ್ದರು, ಆ ಕಾಲದ ಉಚ್ಚಾರವೇ ನಮ್ಮಲ್ಲಿ ಉಳಿದಿದೆ. ಪೋರ್ಚುಗಲ್ಲಿನ ಉತ್ತರದ ಹಳ್ಳಿಗಳಲ್ಲಿ ಇನ್ನೂ ಆ ‘ಚ’ ಇದೆಯಂತೆ. ಉತ್ತರದ ಬ್ರಾಗಾ ಊರಿನ ಕಡೆ ಇರುವವರು ಯಾರಾದರೂ ಕೇಳಿಸಿಕೊಂಡಿದ್ದೀರಾ? ಅತ್ತೆಗೆ ಹೇಳಬೇಕು.